ಕೊನೆಯ ಬಾಗಿಲ ಮುಂದೆ ನಿಂತ ನಾಲ್ವರು

ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೆಟ್ಟಿಲ ಕೆಳಗಿನ ಜಾಗ. ಎದ್ದು ನಿಂತರೆ ತಲೆ ಬಡಿಯುತ್ತದೆ, ಹಾಗಾಗಿ ಗಿರಾಕಿ ಯಾರೇ ಬರಲಿ, ನಾನು ಕೂತೇ ಮಾತಾಡುತ್ತೇನೆ. ಇದನ್ನು ಜಂಬ ಅಂದುಕೊಂಡವರೂ ಇದ್ದಾರೆ. ಅಂದುಕೊಳ್ಳಲಿ. ಬೀದಿಯವರು ನನಗೆ ‘ಸಿಡುಕ’ ಅಂತ ಹೆಸರಿಟ್ಟಿರುವುದೂ ಗೊತ್ತು. ಕೀಬೋರ್ಡಿನ ಮೇಲೆ ಟೀ ಚೆಲ್ಲಿ, ತಂದು ನನ್ನ ಮುಂದಿಟ್ಟು, ‘ನಾವೇನೂ ಮಾಡಿಲ್ಲ, ತಾನಾಗೇ ಹಾಳಾಯ್ತು’ ಅನ್ನುವವರ ಜೊತೆ ಇಪ್ಪತ್ತು ವರ್ಷ ಹೆಣಗಿ ನೋಡಿ, ನಿಮಗೂ ಸಿಟ್ಟು ಮೂಗಿನ ತುದಿಗೆ ಬಂದು ಕೂರುತ್ತದೆ.

ಒಮ್ಮೆ ಯಾರದೋ ಮದುವೆಯ ಫೋಟೋಗಳೆಲ್ಲ ಅಳಿಸಿಹೋಗಿ, ಗಂಡು ಹೆಣ್ಣು ಎರಡೂ ಕಡೆಯವರು ಒಟ್ಟಾಗಿ ಬಂದು ನನ್ನ ಮೇಲೆ ಬಿದ್ದರು. ಅದಾದ ಮೇಲೆ ನಾನೊಂದು ಚೀಟಿ ಅಚ್ಚು ಹಾಕಿಸಿದೆ. ಮಷೀನು ತಂದವರ ಮುಂದೆ ಅದನ್ನು ಇಡುತ್ತೇನೆ. ಏನು ತೊಂದರೆ ಅಂತ ಮೇಲೆ ಒಂದು ಸಾಲು. ಅದರ ಕೆಳಗೆ, ‘ಒಳಗೆ ಉಳಿಸಬೇಕಾದ್ದು ಏನಾದರೂ ಇದೆಯೇ?’ ಅದಕ್ಕೂ ಕೆಳಗೆ ಸಹಿ. ಆಮೇಲೆ ಯಾರಾದರೂ ಬಾಯಿ ಮಾಡಿದರೆ ಚೀಟಿಯನ್ನು ಮುಖಕ್ಕೆ ಹಿಡಿಯುವುದು, ಅಷ್ಟೇ. ಹನ್ನೊಂದು ವರ್ಷ ಆ ಚೀಟಿ ನನ್ನನ್ನು ಕಾಪಾಡಿತ್ತು. ಆಮೇಲೆ ಐದು ಗಂಟೆ ಅಕ್ಕ ಬಂದರು.

ಅವರನ್ನು ನಿಜವಾದ ಹೆಸರಿನಿಂದ ಬೀದಿಯಲ್ಲಿ ಯಾರೂ ಕರೆಯುವುದಿಲ್ಲ. ಬೆಳಿಗ್ಗೆ ಸರಿಯಾಗಿ ಐದಕ್ಕೆ ಅವರ ಬಾಗಿಲ ಚಿಲಕ ‘ಠಣ್’ ಅನ್ನುತ್ತದೆ. ನಮ್ಮ ಮನೆ ಎದುರು ಸಾಲಿನಲ್ಲಿದೆ, ನನ್ನ ಮಂಚ ಕಿಟಕಿಯ ಪಕ್ಕ. ಒಂದು ದಿನವೂ ತಪ್ಪದೆ ನಿದ್ದೆ ಕೆಡುತ್ತಿತ್ತು. ‘ಆ ಚಿಲಕಕ್ಕೆ ಒಂದು ತೊಟ್ಟು ಎಣ್ಣೆ ಬಿಡೋಕಾಗಲ್ವಾ ಆಯಮ್ಮಂಗೆ’ ಅಂತ ಹೊದಿಕೆಯೊಳಗಿಂದಲೇ ಬೈಯುತ್ತಿದ್ದೆ. ವಯಸ್ಸು ಐವತ್ತೈದರ ಹತ್ತಿರ. ಐದು ಮಹಡಿಯ ಒಂದು ಆಫೀಸು ಕಟ್ಟಡದಲ್ಲಿ ನೆಲ ಒರೆಸುವ ಕೆಲಸ. ಬೀದಿಯಲ್ಲಿ ಎದುರಾದರೆ ಗೋಡೆಯ ಕಡೆಗೆ ಸರಿದು ದಾರಿ ಬಿಡುತ್ತಾರೆ, ನಾವೇ ಪಕ್ಕಕ್ಕೆ ಸರಿದಿದ್ದರೂ ಸಹ.

ಅವತ್ತು ಅವರು ಕಂಪ್ಯೂಟರಿನ ಡಬ್ಬವನ್ನು ನೀಲಿ ಬಕೆಟ್ಟಿನಲ್ಲಿ ಇಟ್ಟುಕೊಂಡು ಬಂದರು. ಸುತ್ತಲೂ ಒಣಬಟ್ಟೆ ತುರುಕಿದ್ದರು, ಅಲ್ಲಾಡಬಾರದು ಅಂತ.

“ತಮ್ಮಾ, ಇದು ನಿಂತು ನಿಂತು ಹೋಗುತ್ತೆ. ಒಂದು ಹೆಜ್ಜೆ ಇಟ್ಟರೆ ಐದು ನಿಮಿಷ ಸುಮ್ನೆ ನಿಲ್ಲುತ್ತೆ.”

“ಹಳೇ ಮಾಲು ಅಕ್ಕ. ಒಳಗೆಲ್ಲ ಕಸ ತುಂಬಿರುತ್ತೆ. ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ. ಒಳಗೆ ಉಳಿಸಬೇಕಾದ್ದು ಏನಾದ್ರೂ ಇದೆಯಾ? ಫೋಟೋ ಗೀಟೋ, ಮದುವೆ ವಿಡಿಯೋ, ಮಕ್ಕಳ ಮಾರ್ಕ್ಸ್ ಕಾರ್ಡು?”

ಅಕ್ಕ ಸ್ವಲ್ಪ ಯೋಚಿಸಿದರು. “ನಂಗ್ಯಾರ ಮದುವೆ, ಯಾವ ಮಕ್ಕಳು ತಮ್ಮಾ? ಏನೂ ಇಲ್ಲ.”

‘ಏನೂ ಇಲ್ಲ’ ಅಂತ ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಂಜೆಯೊಳಗೆ ಡಬ್ಬ ತೊಳೆದಿಟ್ಟ ಪಾತ್ರೆಯ ಹಾಗೆ ಆಗಿತ್ತು. ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಯಿತು.

ಮರುದಿನ ಮಧ್ಯಾಹ್ನ ಅದೇ ಬಕೆಟ್ಟು, ಅದೇ ಒಣಬಟ್ಟೆ.

“ತಮ್ಮಾ, ನಮ್ಮೋರು ಕಾಣ್ತಿಲ್ಲ.”

“ಯಾರು ನಿಮ್ಮೋರು?”

“ಒಳಗಿದ್ರಲ್ಲ, ನಾಲ್ಕು ಜನ.”

“ಫೋಟೋನಾ? ಫೋಟೋ ಇಲ್ಲ ಅಂತ ನಿನ್ನೆ ನೀವೇ ಹೇಳಿದ್ರಲ್ಲ ಅಕ್ಕ!”

“ಫೋಟೋ ಅಲ್ಲ. ಜನ. ಮೇಷ್ಟ್ರು, ದಪ್ಪಕ್ಕ, ಕಡ್ಡಿ, ಮೌನಿ. ಬಾಗಿಲ ಹತ್ರ ನಿಲ್ಲಿಸಿ ಬಂದಿದ್ದೆ. ಬಾಗಿಲೂ ಇಲ್ಲ, ಅವರೂ ಇಲ್ಲ.”

ಪಾಪ, ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಒಂದೊಂದೇ ಕೇಳಿದೆ. ನೇರಳೆ ಬಣ್ಣದ ದೀಪದ ಚಿತ್ರ ಒತ್ತಿದರೆ ತೆರೆಯುತ್ತಿತ್ತಂತೆ. ಗಾಜಿನ ಕಟ್ಟಡಗಳು, ಕಾವಲುಗಾರರು, ಸುತ್ತುವ ಕ್ಯಾಮೆರಾ. ಕಾವಲುಗಾರನ ಕಣ್ಣು ಹೋಗುವ ಕಡೆಯೆಲ್ಲ ನೆಲದ ಚೌಕಗಳು ಕೆಂಪಾಗುತ್ತಿದ್ದವಂತೆ.

“ಗೇಮಾ!” ಅಂದೆ. ಜೋರಾಗಿ ನಕ್ಕೂಬಿಟ್ಟೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಾನು ನಕ್ಕರೂ ಅವರು ನಗಲಿಲ್ಲ. ತಪ್ಪು ನನ್ನ ಕಡೆಗೆ ಬರುತ್ತಿದೆ ಅನ್ನಿಸಿದ ಕೂಡಲೇ ನನಗೆ ಮಾಮೂಲಿನ ಹಾಗೆ ಸಿಟ್ಟು ಬಂತು. ಡ್ರಾಯರಿನಿಂದ ಚೀಟಿ ತೆಗೆದು ಮುಂದೆ ಹಿಡಿದೆ. “ನೋಡಿ. ಇದು ನಿಮ್ಮ ಸಹಿ ತಾನೇ? ಏನು ಬರೆದಿದೆ, ಓದಿ.”

ಅಕ್ಕ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. “ಹೌದು. ನಾನೇ ಹೇಳಿದ್ದು. ನಿನ್ನ ತಪ್ಪಿಲ್ಲ.” ಚೀಟಿಯನ್ನು ಮೇಜಿನ ಮೇಲೆ ನೇರವಾಗಿ ಇಟ್ಟರು. ಹೊರಟವರು ತಿರುಗಿ, “ಅಳಿಸೋಕೆ ಎಷ್ಟ್ ಹೊತ್ತು ಹಿಡೀತು ತಮ್ಮಾ?” ಅಂದರು.

“ಎರಡು ನಿಮಿಷ.”

“ಅಷ್ಟೇನಾ.”

ಬೈದಿದ್ದರೆ ನಾನೂ ಬೈದು, ಊಟ ಮಾಡಿ ಮಲಗುತ್ತಿದ್ದೆ. ಬೈಯಲಿಲ್ಲ ನೋಡಿ, ಅದೇ ಎದೆಯಲ್ಲಿ ಕೂತುಬಿಟ್ಟಿತು. ಡಬ್ಬವನ್ನು ಬಿಟ್ಟು ಹೋಗಿ ಅಂತ ಕೂಗಿ ಹೇಳಿದೆ. ಎರಡು ದಿನ ಬೇರೆ ಕೆಲಸ ಮುಟ್ಟದೆ ಅಳಿಸಿದ್ದನ್ನು ಹುಡುಕಿದೆ. ಫೈಲಿನ ಹೆಸರುಗಳು ಸಿಕ್ಕವು. ತೆರೆದು ನೋಡಿದರೆ ಒಳಗೆ ಬರೀ ಸೊನ್ನೆ. ನಾನು ಹೊಸದಾಗಿ ಹಾಕಿದ್ದೆಲ್ಲ ಅವುಗಳ ಮೇಲೆಯೇ ಹೋಗಿ ಕೂತಿತ್ತು. ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆನಲ್ಲ!

ಮೂರನೇ ದಿನ ಡಬ್ಬ ಹೊತ್ತುಕೊಂಡು ಅವರ ಮನೆಗೆ ಹೋದೆ. ಒಂದೇ ಕೋಣೆ. ಎರಡು ಮಂಚ. ಒಂದರ ಮೇಲೆ ಹಾಸಿಗೆ ಮಡಿಸಿಟ್ಟು ಮೇಲೆ ಬಟ್ಟೆ ಹೊದಿಸಿತ್ತು, ಅದು ತೀರಿಹೋದ ತಾಯಿಯದು. ಕಿಟಕಿಯ ಹತ್ತಿರ ಮೇಜು, ಅದರ ಮೇಲೆ ಧೂಳಿಲ್ಲದ ಮಾನಿಟರು. ಅಕ್ಕ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ತುದಿಯಲ್ಲಿ ಕೂತರು. ಇದ್ದದ್ದು ಅದೊಂದೇ ಕುರ್ಚಿ.

“ಸಿಗಲಿಲ್ಲ ಅಕ್ಕ,” ಅಂದೆ.

“ಬಿಡು. ಗೊತ್ತಿತ್ತು.”

“ಅವರ ಬಗ್ಗೆ ಹೇಳಿ, ಕೇಳ್ತೀನಿ.”

ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ. ಅಕ್ಕ ಮೊದಲು ನನ್ನ ಮುಖ ನೋಡಿದರು, ನಗುತ್ತೇನೋ ಏನೋ ಅಂತ. ಆಮೇಲೆ ಹೇಳಿದರು.

ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನೆಲ್ಲ ಮೆಟ್ಟಿಲ ಕೆಳಗೆ ರಾಶಿ ಹಾಕಿ, ಬೇಕಾದವರು ತೆಗೆದುಕೊಂಡು ಹೋಗಿ ಅಂದಿದ್ದರಂತೆ. ಟೀವಿಯ ಹಾಗೆ ಏನಾದರೂ ಬಂದೀತು ಅಂತ ಅಕ್ಕ ಒಂದನ್ನು ತಂದರು. ಅದರೊಳಗೆ ಈ ಆಟವಿತ್ತು. ಆಫೀಸಿನ ಯಾವ ಮಹಾನುಭಾವ ಕೆಲಸದ ಹೊತ್ತಿನಲ್ಲಿ ಕದ್ದು ಆಡುತ್ತಿದ್ದನೋ, ಅವನ ಹೊಟ್ಟೆ ತಣ್ಣಗಿರಲಿ. ತಾಯಿ ಹೋಗಿ ಆಗ ಎರಡು ತಿಂಗಳಾಗಿತ್ತು. ಇಂಗ್ಲಿಷು ಬಾರದು. ಬಣ್ಣ ನೋಡಿ, ಚಿತ್ರ ನೋಡಿ, ಸೋತು ಸೋತು ಕಲಿತರು. ಆಟದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಒಂದು ಊರನ್ನು ನುಂಗಿ ಕೂತಿವೆ. ಜನರ ಮೈಯಲ್ಲಿ ಅರ್ಧ ಮಾಂಸ, ಅರ್ಧ ಲೋಹ. ನಮ್ಮ ನಾಲ್ವರನ್ನು ಆ ಕಂಪನಿಗಳ ಕಟ್ಟಡದೊಳಗೆ ನುಗ್ಗಿಸಿ, ತರಬೇಕಾದ್ದನ್ನು ತಂದು, ಯಾರ ಕಣ್ಣಿಗೂ ಬೀಳದ ಹಾಗೆ ಹೊರಗೆ ಕರೆದುಕೊಂಡು ಬರಬೇಕು. ಚದುರಂಗದ ಹಾಗೆ ಒಂದು ಸಲ ನಾವು ನಡೆಸಬೇಕು, ಒಂದು ಸಲ ಅವರು ನಡೆಸುತ್ತಾರೆ. ಒಂದೊಂದು ಸುತ್ತಿಗೂ ಪರದೆಯ ಮೇಲಿನ ಮೂಲೆಯ ಕೆಂಪು ಗಂಟೆಯ ಚಿತ್ರ ಸ್ವಲ್ಪ ಸ್ವಲ್ಪ ತುಂಬುತ್ತದೆ. ಪೂರ್ತಿ ತುಂಬಿದರೆ ಕಾವಲುಗಾರರು ಕಟ್ಟಡ ಮುತ್ತುತ್ತಾರೆ. ಸತ್ತವರು ಸತ್ತಂತೆಯೇ, ಹಿಂದೆ ಹೋಗಿ ತಿದ್ದುವ ಹಾಗಿಲ್ಲ.

ನಾಲ್ವರ ಇಂಗ್ಲಿಷ್ ಹೆಸರು ಓದಲು ಬಾರದ್ದಕ್ಕೆ ಅಕ್ಕನೇ ಹೆಸರಿಟ್ಟರು. ಕನ್ನಡಕದವನು ಮೇಷ್ಟ್ರು, ಕ್ಯಾಮೆರಾಗಳ ಕಣ್ಣು ಕಟ್ಟುವುದು ಅವನ ಕೆಲಸ. ಎಚ್ಚರ ತಪ್ಪಿದ ಕಾವಲುಗಾರನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಬಚ್ಚಿಡುವವಳು ದಪ್ಪಕ್ಕ. ಗಾಳಿ ಕಿಂಡಿಯಲ್ಲಿ ನುಸುಳುವ ಸಣ್ಣ ಹುಡುಗಿ ಕಡ್ಡಿ. ಬಾಯಿಯ ಮೇಲೆ ಲೋಹದ ಪಟ್ಟಿಯಿದ್ದು ಮಾತೇ ಆಡದವನು ಮೌನಿ. ಐದನೆಯ ಕಟ್ಟಡದಲ್ಲಿ ಅಕ್ಕ ಒಂದು ಚೌಕ ತಪ್ಪಿ ಎಣಿಸಿ, ಕಡ್ಡಿಯ ಎಡಗೈ ಮುಟ್ಟಿದರೆ ಕೊಯ್ಯುವ ಬೆಳಕಿನ ತಂತಿಗೆ ಸಿಕ್ಕಿ ಹೋಯಿತು. ಆಮೇಲೆ ಅವಳಿಗೆ ಕಿತ್ತಳೆ ಬಣ್ಣದ ಲೋಹದ ಕೈ ಬಂತು. “ಎರಡು ದಿನ ಕಂಪ್ಯೂಟರೇ ಹಾಕಲಿಲ್ಲ ನಾನು. ಅವಳ ಮುಖ ಹೆಂಗೆ ನೋಡೋದು?” ಅಂದರು ಅಕ್ಕ.

ನಾಲ್ಕು ವರ್ಷ. ಒಬ್ಬರನ್ನೂ ಕಳೆದುಕೊಂಡಿರಲಿಲ್ಲ. ನಾನು ನಂಬಲಿಲ್ಲ. ಅದು ಹೇಗೆ ಸಾಧ್ಯ ಅಂತ ಕೇಳಿದೆ.

“ನನ್ನ ಕೆಲಸಾನೇ ಅದಲ್ವಾ ತಮ್ಮಾ. ಯಾರ ಕಣ್ಣಿಗೂ ಬೀಳದಂಗೆ ಬರೋದು, ಹೋಗೋದು. ಎಂಟೂವರೆಗೆ ಸಾಹೇಬರು ಬರ್ತಾರೆ. ಅಷ್ಟರೊಳಗೆ ಬಕೆಟ್ಟು ಕಾಣಬಾರದು, ನಾನೂ ಕಾಣಬಾರದು. ಮೊದಲು ಎಲ್ಲಾಕ್ಕಿಂತ ಒಳಗಿನ ಮೂಲೆಗೆ ಹೋಗಬೇಕು. ಅಲ್ಲಿಂದ ಹಿಂದಹಿಂದಕ್ಕೆ ಒರಸ್ಕೊಂಡು ಬಾಗಿಲಿಗೆ ಬರಬೇಕು. ಹಂಗಾದ್ರೆ ನಿನ್ನ ಹೆಜ್ಜೆ ಗುರುತು ಉಳಿಯಲ್ಲ.”

ಒಂದೇ ಒಂದು ಸಲ ಅವರು ಸಿಕ್ಕಿಬಿದ್ದಿದ್ದರಂತೆ. ಮೂರನೇ ಮಹಡಿಯ ಸಾಹೇಬರು ಒಂದು ದಿನ ಏಳಕ್ಕೇ ಬಂದು, ಎದುರಿಗೆ ಇವರನ್ನು ಕಂಡು ಬೆಚ್ಚಿಬಿದ್ದು, ‘ಯಾರು ನೀನು? ಒಳಗೆ ಹೆಂಗೆ ಬಂದೆ?’ ಅಂತ ಕೂಗಿದರು. ಆ ಸಾಹೇಬರ ಮೇಜನ್ನು ಅಕ್ಕ ಹದಿನಾಲ್ಕು ವರ್ಷದಿಂದ ಒರೆಸುತ್ತಿದ್ದರು. ಮೇಜಿನ ಗಾಜಿನ ಕೆಳಗಿದ್ದ ಅವರ ಮಗಳ ಫೋಟೋ ಸಣ್ಣ ಮಗುವಿನಿಂದ ಕಾಲೇಜಿಗೆ ಬರುವವರೆಗೂ ಬದಲಾದದ್ದನ್ನು ನೋಡಿದ್ದರು. “ಮನೆಗೆ ಬಂದು ಅಮ್ಮಂಗೆ ಹೇಳಿದೆ. ಅಮ್ಮ ಬಿದ್ದೂ ಬಿದ್ದೂ ನಕ್ಕಳು. ಅವಳು ನಕ್ಕಮೇಲೆ ನಂಗೂ ನಗು ಬಂತು. ಅವಳು ಹೋದ್ಮೇಲೆ ಇಂಥದ್ದೆಲ್ಲ ಹೇಳೋಕೆ ಇವರೇ ಇದ್ದಿದ್ದು. ಬಾಗಿಲು ತೆಗೀತಿದ್ದಂಗೆ ‘ಬಂದೆ ಕಣ್ರೋ’ ಅಂತಿದ್ದೆ.”

“ಹಂಗಾದ್ರೆ ಆಟ ಯಾಕೆ ಮುಗಿಸಿರಲಿಲ್ಲ ಅಕ್ಕ?”

ಕೊನೆಯ ಕಟ್ಟಡದ ಬಾಗಿಲ ಮೇಲೆ ಹಡಗಿನ ಚಿತ್ರವಿತ್ತಂತೆ. ಅದನ್ನು ದಾಟಿದರೆ ನಾಲ್ವರೂ ಹಡಗು ಹತ್ತಿ ಊರು ಬಿಟ್ಟು ಹೋಗುತ್ತಾರೆ ಅಂತ ಅಕ್ಕನಿಗೆ ಅರ್ಥವಾಗಿತ್ತು. ಒಂದು ವರ್ಷದಲ್ಲಿ ಆ ಬಾಗಿಲಿಗೆ ಬಂದು ಮುಟ್ಟಿದ್ದರು. ಮಿಕ್ಕ ಮೂರು ವರ್ಷ ಅವರನ್ನು ಅಲ್ಲೇ ನಿಲ್ಲಿಸಿ, ಹಳೆಯ ಸಣ್ಣಪುಟ್ಟ ಕಟ್ಟಡಗಳಿಗೇ ಮತ್ತೆ ಮತ್ತೆ ಕರೆದುಕೊಂಡು ಹೋಗಿ ಬರುತ್ತಿದ್ದರು.

“ಕಳಿಸೋಕೆ ಮನಸ್ಸು ಬರಲಿಲ್ಲ,” ಅಂದರು. ಸೆರಗಿನಿಂದ ಮಾನಿಟರಿನ ಅಂಚು ಒರೆಸಿದರು. ಅಲ್ಲಿ ಒರೆಸಲು ಏನೂ ಇರಲಿಲ್ಲ.

ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಲ್ಲ. “ನಾನು ತಂದುಕೊಡ್ತೀನಿ,” ಅಂದುಬಿಟ್ಟೆ. “ಆಟ ಮತ್ತೆ ತರಿಸಿ, ನಾನೇ ಆಡಿ, ನಾಲ್ಕೂ ಜನಾನ ಆ ಬಾಗಿಲಿಗೆ ತಂದು ನಿಲ್ಲಿಸ್ತೀನಿ. ಎಲ್ಲಿದ್ರೋ ಅಲ್ಲೇ.”

“ನಿಂಗೆ ಆಡೋಕೆ ಬರುತ್ತಾ?”

“ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಬಿಚ್ಚಿ ಕಟ್ಟುತ್ತಿದ್ದೀನಿ ಅಕ್ಕ. ಒಂದು ಆಟ ಬರಲ್ವಾ?”

ಬರಲಿಲ್ಲ. ಡಬ್ಬವನ್ನು ಮತ್ತೆ ಅಂಗಡಿಗೆ ಹೊತ್ತು ತಂದು, ಆಟ ತರಿಸಿ ಹಾಕಿ ಕೂತರೆ, ಮೊದಲನೇ ದಿನವೇ ನಾಲ್ಕೂ ಜನ ಸತ್ತರು. ನನಗೆ ಕಾಯುವುದು ಗೊತ್ತಿಲ್ಲ. ಬಾಗಿಲು ಕಂಡರೆ ನುಗ್ಗುವುದು, ಕಾವಲುಗಾರ ಕಂಡರೆ ಓಡುವುದು. ಎರಡನೇ ವಾರ ಮೌನಿ ಸತ್ತ. ‘ಹಾಳಾಗಿ ಹೋಗ್ಲಿ, ಮೂವರಿದ್ದಾರಲ್ಲ’ ಅಂದುಕೊಂಡೆ. ಆಮೇಲೆ ಅಕ್ಕ ಕೇಳಿದರೆ ಏನು ಹೇಳುವುದು ಅಂತ ತಲೆ ಚಚ್ಚಿಕೊಂಡು ಮೊದಲಿನಿಂದ ಶುರು ಮಾಡಿದೆ. ಗಿರಾಕಿಗಳು ಬಂದು ಕೆಮ್ಮಿದರೆ, ಕಣ್ಣು ತೆಗೆಯದೆ ‘ಇರ್ರೀ, ಕಾವಲುಗಾರ ತಿರುಗ್ತಾ ಇದ್ದಾನೆ’ ಅನ್ನುತ್ತಿದ್ದೆ. ಸಿಡುಕನಿಗೆ ಹುಚ್ಚೂ ಹಿಡಿಯಿತು ಅಂತ ಸುದ್ದಿಯಾಯಿತು.

ಸಾಯಿಸಿದಾಗಲೆಲ್ಲ ಅಕ್ಕನ ಮನೆಗೆ ಹೋಗಿ ಒಪ್ಪಿಕೊಳ್ಳುತ್ತಿದ್ದೆ. ಅಂಗಡಿಗೆ ಬಂದು ಪರದೆ ನೋಡಲು ಅವರು ಒಪ್ಪಲಿಲ್ಲ. ನಾಲ್ವರೂ ಬರುವವರೆಗೆ ನೋಡುವುದಿಲ್ಲ ಅಂದರು.

“ಇವತ್ತು ಯಾರು ಹೋದ್ರು?”

“ದಪ್ಪಕ್ಕ.”

“ಎಲ್ಲಿ?”

“ನಾಲ್ಕನೇ ಕಟ್ಟಡ. ಬಾಗಿಲ ಹತ್ರದ ಕೋಣೆ ಮೊದಲು ಮುಗಿಸೋಣ ಅಂತ ಹೋದೆ, ವಾಪಸ್ ಬರೋವಾಗ ಸಿಕ್ಕಿಬಿದ್ದಳು.”

“ನೋಡು. ನೀನು ಬಾಗಿಲಿಂದ ಒಳಕ್ಕೆ ಒರಸ್ತಿದ್ದೀಯ. ಕೊನೆಗೆ ಒಳಗೇ ನಿಂತಿರ್ತೀಯ, ಸುತ್ತಾ ನೆಲ ಒದ್ದೆ. ಮೊದಲು ಒಳಗಿನ ಮೂಲೆ ತಮ್ಮಾ. ಬೇರೇದೇನೂ ಮುಟ್ಟಬೇಡ. ಆಮೇಲೆ ಹಿಂದಕ್ಕೆ ಬಾ.”

ಅದನ್ನು ಕೇಳಿದ ಮೇಲೆ ಆಟ ನನ್ನ ಕೈಗೆ ಹತ್ತಿತು. ನನ್ನ ಹೆಂಡತಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ಅಂಗಡಿಯ ಮುಂದೆ ನಿಂತಳು. “ರೀ, ಊಟಕ್ಕೆ ಬರ್ತೀರೋ, ಇಲ್ಲಾ ಆ ಮೌನಿ ಜೊತೇನೇ ಸಂಸಾರ ಮಾಡ್ಕೊಂಡು ಇರ್ತೀರೋ? ನಿದ್ದೇಲೆಲ್ಲ ಅವನ ಹೆಸರೇ!” ಎಲ್ಲ ಹೇಳಿದೆ. ಅವಳ ಕೈ ಸೊಂಟದಿಂದ ಕೆಳಗಿಳಿಯಿತು. ಕೊನೆಗೆ, “ಥೂ, ನಗಬಾರದಿತ್ತು ನೀವು,” ಅಂದಳು. ಆ ಭಾನುವಾರ ಅವಳೇ ಹೋಗಿ ಅಕ್ಕನನ್ನು ಊಟಕ್ಕೆ ಕರೆದುಕೊಂಡು ಬಂದಳು.

ಅಕ್ಕ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಬಡಿಸಿದ್ದಷ್ಟನ್ನೇ ಉಂಡು, ‘ಸಾಕಮ್ಮ, ಚೆನ್ನಾಗಿದೆ’ ಅಂದರು. ಹೆಂಡತಿ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ತಮ್ಮ ತಟ್ಟೆ ತೊಳೆದಿಟ್ಟು, ಅಡುಗೆಮನೆಯ ನೆಲವನ್ನು ಒಳಗಿನ ಮೂಲೆಯಿಂದ ಹಿಂದಹಿಂದಕ್ಕೆ ಒರೆಸುತ್ತಾ ಬಾಗಿಲಿಗೆ ಬಂದಿದ್ದರು. “ಅಯ್ಯೋ ಅಕ್ಕ, ಬಿಡಿ!” ಅಂತ ಅವಳು ಕೂಗಿಕೊಂಡರೂ ಕೇಳಲಿಲ್ಲ. ಅವರು ಹೋದ ಮೇಲೆ ನೋಡಿದರೆ, ನಮ್ಮ ಮನೆಗೆ ಒಬ್ಬರು ಬಂದು ಊಟ ಮಾಡಿ ಹೋದ ಗುರುತೇ ಇರಲಿಲ್ಲ. ಹೆಂಡತಿ ತುಂಬಾ ಹೊತ್ತು ಆ ಒದ್ದೆ ನೆಲ ನೋಡುತ್ತಾ ನಿಂತಿದ್ದಳು. ಮುಂದಿನ ವಾರ ಮತ್ತೆ ಕರೆದಾಗ ಅಕ್ಕ ಏನೋ ನೆವ ಹೇಳಿ ತಪ್ಪಿಸಿಕೊಂಡರು.

ಮೂರನೇ ತಿಂಗಳಿಗೆ ನಾನು ಐದನೆಯ ಕಟ್ಟಡಕ್ಕೆ ಬಂದೆ. ನಾಲ್ವರೂ ಇದ್ದರು. ಅಲ್ಲೊಂದು ಪೇಚಾಟ ಕಾದಿತ್ತು. ಎಲ್ಲಿದ್ದರೋ ಹಾಗೇ ತಂದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆನಲ್ಲ, ಹಾಗಾದರೆ ಕಡ್ಡಿಯ ಎಡಗೈ ಇಲ್ಲಿ ಹೋಗಬೇಕು. ಬೆಳಕಿನ ತಂತಿ ಉರಿಯುವ ಚೌಕದ ಪಕ್ಕ ಅವಳನ್ನು ತಂದು ನಿಲ್ಲಿಸಿದೆ. ಒಂದು ಒತ್ತು ಒತ್ತಿದರೆ ಸಾಕು. ಅವಳು ಅಲ್ಲಿ ಮಂಡಿಯೂರಿ ಕೂತಿದ್ದಾಳೆ, ನಾನು ಎಲ್ಲಿ ಕಳಿಸಿದರೆ ಅಲ್ಲಿಗೆ ಹೋಗಲು ತಯಾರಾಗಿ. ಮೇಲೆ ಗಂಟೆ ತುಂಬುತ್ತಿದೆ. ನಲವತ್ತೆಂಟು ವರ್ಷದ ಗಂಡಸು ನಾನು, ಬೆವತುಹೋದೆ. ಕೊನೆಗೆ, “ಏ ಹೋಗತ್ಲಾಗೆ,” ಅಂತ ನನಗೆ ನಾನೇ ಬೈದುಕೊಂಡು ಅವಳನ್ನು ಈಚೆಗೆ ಕರೆದುಕೊಂಡೆ.

ಮತ್ತೆ ಎರಡು ವಾರಕ್ಕೆ ನಾಲ್ವರನ್ನೂ ಹಡಗಿನ ಬಾಗಿಲ ಮುಂದೆ ತಂದು ನಿಲ್ಲಿಸಿದೆ. ಡಬ್ಬವನ್ನು ಒಣಬಟ್ಟೆಯಲ್ಲಿ ಸುತ್ತಿ ಅಕ್ಕನ ಕೋಣೆಗೆ ತಂದು, ತಂತಿಗಳನ್ನೆಲ್ಲ ಸಿಕ್ಕಿಸಿದೆ. ಅಕ್ಕ ಕುರ್ಚಿಯಲ್ಲಿ ಕೂತರು. ನಾನು ಹಿಂದೆ ನಿಂತೆ. ಪರದೆ ಬೆಳಗಿತು.

ಅಕ್ಕ ಮೌಸು ಹಿಡಿದರು. ಮೇಷ್ಟ್ರ ಮೇಲೆ ಬಾಣದ ಗುರುತು ಇಟ್ಟರು. ಆಮೇಲೆ ದಪ್ಪಕ್ಕ, ಮೌನಿ. ಕಡ್ಡಿಯ ಹತ್ತಿರ ಕೈ ನಿಂತಿತು.

“ಇವಳ ಕೈ?”

“ಮನಸ್ಸು ಬರಲಿಲ್ಲ ಅಕ್ಕ. ತಪ್ಪು ತಿಳ್ಕೋಬೇಡಿ. ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.”

ಅಕ್ಕ ತಿರುಗಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು. “ನನ್ನ ಕಡ್ಡಿ ಕೈ ನಾನು ಉಳಿಸ್ಲಿಲ್ಲ. ನೀನು ಉಳಿಸಿದ್ದೀಯ. ಇವರು ನನ್ನೋರಲ್ಲ ತಮ್ಮಾ, ನಿನ್ನೋರು.”

ಮೂರೂವರೆ ತಿಂಗಳು ಮಣ್ಣುಪಾಲಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಹಡಗಿನ ಚಿತ್ರದ ಮೇಲೆ ಬಾಣ ತಂದಿಟ್ಟರು.

“ಅಕ್ಕ! ಅದು ಒತ್ತಿದ್ರೆ ಮುಗಿದೇ ಹೋಗುತ್ತೆ!”

“ಗೊತ್ತು.”

“ಸ್ವಲ್ಪ ದಿನ ಇಟ್ಕೊಳ್ಳಿ. ಇಷ್ಟು ಕಷ್ಟಪಟ್ಟು ತಂದಿದ್ದೀನಿ...”

“ಹಂಗಂತಾನೇ ಇಟ್ಕೊಂಡಿದ್ದೆ ತಮ್ಮಾ. ಬಾಗಿಲಾಚೆ ಹಡಗು ಕಾಯ್ತಾ ಇತ್ತು. ನಂಗೆ ಜೊತೆ ಬೇಕು ಅಂತ ಮೂರು ವರ್ಷ ಹೊರಗೇ ನಿಲ್ಲಿಸ್ಕೊಂಡೆ. ಅವತ್ತೇ ಕಳಿಸಿದ್ದಿದ್ರೆ ಹೋಗಿರೋರು. ನಿನ್ನ ಎರಡು ನಿಮಿಷಕ್ಕೆ ಸಿಗ್ತಿರಲಿಲ್ಲ. ಇವರನ್ನಾದ್ರೂ ಕಳಿಸ್ತೀನಿ.”

ಒತ್ತಿದರು. ಅವತ್ತೇ ನಾನು ಅವರ ಆಟ ನೋಡಿದ್ದು. ನಾನಾಗಿದ್ದರೆ ಹತ್ತು ಸಲ ಸಾಯಿಸುತ್ತಿದ್ದೆ. ಅಕ್ಕನಿಗೆ ಅವಸರವೂ ಇಲ್ಲ, ಹೆದರಿಕೆಯೂ ಇಲ್ಲ. ಕಾವಲುಗಾರ ಬೆನ್ನು ತಿರುಗಿಸಿದರೆ ನಾಲ್ಕು ಹೆಜ್ಜೆ, ಆಮೇಲೆ ಗೋಡೆಗೆ ಅಂಟಿ ನಿಲ್ಲುವುದು. ನೇರ ಒಳಗಿನ ಮೂಲೆಗೆ ಹೋಗಿ, ಅಲ್ಲಿಂದ ಒಂದೊಂದೇ ಕೋಣೆ ಹಿಂದಕ್ಕೆ ಬಂದರು. ಒಂದು ಕ್ಯಾಮೆರಾಕ್ಕೂ ಯಾರೂ ಕಾಣಲಿಲ್ಲ. ಮಧ್ಯೆ ಮಧ್ಯೆ ಬಾಯಲ್ಲೇ, “ನಿಂತ್ಕೊಳ್ಳೋ,” “ಈಗ ಬಾ,” “ಬಗ್ಗು ಬಗ್ಗು,” ಅನ್ನುತ್ತಿದ್ದರು.

ಹಡಗಿನ ಹಲಗೆ ಸಿಕ್ಕಿತು. ಮೇಷ್ಟ್ರು ಹತ್ತಿದ. ದಪ್ಪಕ್ಕ ಹತ್ತಿದಳು. ಮೌನಿ ಹತ್ತಿದ. ಕಡ್ಡಿ ಹಲಗೆಯ ಈಚೆಗಿದ್ದಳು. ಒಂದೇ ಹೆಜ್ಜೆ. ಅಕ್ಕನ ಬೆರಳು ಮೌಸಿನ ಮೇಲೆ ಹಾಗೇ ಇತ್ತು. ಮೇಲೆ ಗಂಟೆ ಮುಕ್ಕಾಲು ತುಂಬಿತ್ತು. ಅವಳನ್ನು ಅಲ್ಲೇ ನಿಲ್ಲಿಸಿಕೊಂಡರೆ ನಾಲ್ವರೂ ಸಿಕ್ಕಿಬೀಳುತ್ತಾರೆ, ಅದು ಅವರಿಗೂ ಗೊತ್ತು.

“ಹೋಗೇ,” ಅಂದರು ಅಕ್ಕ. “ಎರಡೂ ಕೈ ಇದೆ ನಿಂಗೆ. ಹೋಗು.”

ಹಡಗು ಹೊರಟಿತು. ನೇರಳೆ ದೀಪಗಳ ಊರು ಸಣ್ಣಗಾಗುತ್ತಾ ಹೋಯಿತು. ಒಂದಿಷ್ಟು ಹೆಸರುಗಳು ಕೆಳಗಿನಿಂದ ಮೇಲೆ ಹೋದವು, ನಮಗಿಬ್ಬರಿಗೂ ಸಂಬಂಧವಿಲ್ಲದವರ ಹೆಸರುಗಳು. ಆಮೇಲೆ ಪರದೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ‘ಹೊಸ ಆಟ’ ಎಂಬ ಗುಂಡಿ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

“ಮತ್ತೆ ಶುರು ಮಾಡೋಣ್ವಾ ಅಕ್ಕ? ನಾನೂ ಬರ್ತೀನಿ, ದಿನಾ ಒಂದು ಗಂಟೆ.”

“ಬೇಡ ತಮ್ಮಾ. ನಿಂಗೆ ಅಂಗಡಿ ಇದೆ, ಹೆಂಡ್ತಿ ಇದ್ದಾಳೆ.” ಮಾನಿಟರು ಆರಿಸಿದರು. “ಹೋಗು, ಊಟದ ಹೊತ್ತಾಯ್ತು.”

ಒಂದು ವಾರಕ್ಕೆ ಅಕ್ಕ ಅಂಗಡಿಗೆ ಬಂದರು. ನೀಲಿ ಬಕೆಟ್ಟು, ಒಣಬಟ್ಟೆ, ಡಬ್ಬ.

“ಇದನ್ನ ಯಾರಿಗಾದ್ರೂ ಬೇಕಾದವರಿಗೆ ಕೊಡು. ಚೆನ್ನಾಗಿ ಅಳಿಸಿ ಕೊಡು.”

ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಚೀಟಿ ತೆಗೆಯಿತು. ಎರಡನೇ ಸಾಲಿಗೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ನಾನು ತಲೆ ತಗ್ಗಿಸಿ ಕೂತೆ.

“ಬರ್ಕೋ ತಮ್ಮಾ,” ಅಂದರು ಅಕ್ಕ. “ಈ ಸಲ ಎಲ್ಲಾ ಕೋಣೆ ನೋಡ್ಕೊಂಡೇ ಬಂದಿದ್ದೀನಿ. ಏನೂ ಇಲ್ಲ. ಎಲ್ಲಾರೂ ಹೋದ್ರು.”

ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಮೇಜಿನ ಮೇಲೆ ಬಕೆಟ್ಟು ಇಟ್ಟಿದ್ದ ಕಡೆ ಧೂಳಿನಲ್ಲಿ ಒಂದು ಉಂಗುರ ಬಿದ್ದಿತ್ತು. ಒಣಬಟ್ಟೆಯಿಂದ ಅದನ್ನು ಒರೆಸಿ, ಖಾಲಿ ಬಕೆಟ್ಟು ಹಿಡಿದು, ಗೋಡೆಯ ಪಕ್ಕದಲ್ಲೇ ನಡೆದು ಹೋದರು.

ಡಬ್ಬವನ್ನು ನಾನು ಅಳಿಸಿಲ್ಲ, ಯಾರಿಗೂ ಕೊಟ್ಟಿಲ್ಲ. ನನ್ನ ತಲೆಯ ಹಿಂದಿನ ಹಲಗೆಯ ಮೇಲಿದೆ. ಬೆಳಿಗ್ಗೆ ಐದಕ್ಕೆ ಎದುರು ಸಾಲಿನಲ್ಲಿ ಚಿಲಕ ಈಗಲೂ ‘ಠಣ್’ ಅನ್ನುತ್ತದೆ. ಈಗ ನಾನು ಬೈಯುವುದಿಲ್ಲ. ಐದು ನಿಮಿಷ ಮುಂಚೆಯೇ ಎಚ್ಚರವಾಗಿ, ಆ ಸದ್ದು ಕೇಳುವವರೆಗೆ ಕಿಟಕಿಯ ಪಕ್ಕ ಸುಮ್ಮನೆ ಮಲಗಿರುತ್ತೇನೆ.